ಕಡಕೊಳದ ಬಿಳಿಗಲ್ಲು

ನಿಮ್ಮ ಕೈಯಿಂದ ಹದಿನೈದು ವರ್ಷ ಬಣ್ಣ ಹಚ್ಚಿಸಿಕೊಂಡ ಮುಖ ಇದು, ಕೆಂಪಯ್ಯ ಮೇಷ್ಟ್ರೇ. ರಾಜಪಾರ್ಟಿನ ಪುಟ್ಟಸ್ವಾಮಿ ಅಡ್ಡಬಿದ್ದಿದ್ದೇನೆ. ಏಳು ಅನ್ನಿ, ಮಾತಾಡಬೇಕು.

ನನ್ನ ಗಂಟಲಿನ ಮೇಲೆ ನೀವು ಮಾಡುತ್ತಿದ್ದ ಗೇಲಿ ನೆನಪಿದೆ. "ಲೇ ಪುಟ್ಸಾಮಿ, ಮೆಲ್ಲಗೆ ಮಾತಾಡೋ, ಬೆಟ್ಟದ ಬಸವಣ್ಣ ಎದ್ದು ಬಂದ್ಬುಟ್ಟಾನು!" ಅನ್ನುತ್ತಿದ್ದಿರಿ. ಚಾಮುಂಡಿ ಬೆಟ್ಟದ ಕಲ್ಲುಬಸವನಿಗೇ ಕೇಳಿಸುವ ದನಿ ನೀವಿರುವ ಜಾಗಕ್ಕೆ ಮುಟ್ಟದೆ ಇರುತ್ತದೆಯೇ? ಆದರೂ ಕಾಗದ ಹಿಡಿದು ಕೂತಿದ್ದೇನೆ. ಈ ಮಾತನ್ನು ಬಾಯಿಬಿಟ್ಟು ಹೇಳಲು ಹೋದಾಗೆಲ್ಲ ನಡುದಾರಿಯಲ್ಲಿ ದನಿ ಒಡೆಯುತ್ತದೆ. ಸಾವಿರ ಜನರ ಮುಂದೆ ಒಡೆಯದ ದನಿ! ವಿಷಯ ಕೈಯದು ಮೇಷ್ಟ್ರೇ. ನೀವು ಹೋಗುವ ಹೊತ್ತಿಗೆ ಮೇಲೇಳದೆ ಜೋತುಬಿದ್ದ ನಿಮ್ಮ ಬಲಗೈ. ನಿಮ್ಮ ನಂತರ ನಾಟಕ ಕಂಪನಿಯ ಬಣ್ಣದ ಪೆಟ್ಟಿಗೆ ಹಿಡಿದ ನಿಮ್ಮ ಮಗಳು ಜಯಮ್ಮನ ಬಲಗೈ.

ಸ್ವಾತಂತ್ರ್ಯ ಬಂದ ವರ್ಷ ನಾನು ಸ್ತ್ರೀಪಾರ್ಟು ಬಿಟ್ಟು ಮೊದಲ ಸಲ ಕಿರೀಟ ಇಟ್ಟೆ. ನೀವು ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಿರಿ. ದಿನದ ಮೊದಲ ಬೊಟ್ಟನ್ನು ನಿಮ್ಮ ಎಡಗೈಯ ಹಿಂಭಾಗಕ್ಕೆ ಇಟ್ಟುಕೊಂಡು, ಬಣ್ಣ ಸರಿಯಿದೆಯೇ ಎಂದು ನೋಡಿ, ಆಮೇಲೆ ನನ್ನ ಹಣೆಗೆ ಬಂದಿರಿ. ನಾಮದ ಗೆರೆ ಎಳೆಯುವ ಮುಂಚೆ ಕುಂಚವನ್ನು ತುಟಿಯ ನಡುವೆ ಇಟ್ಟು, ನಾಲಿಗೆಯ ತುದಿಯಲ್ಲಿ ತಿರುವಿ, ಸೂಜಿಯಂಥ ಮೊನೆ ಮಾಡಿದಿರಿ. ನಾನು ಲೋಟವನ್ನು ತುಟಿಗೆ ತಾಗಿಸದೆ ನೀರು ಕುಡಿಯುವ ಮನೆಯಲ್ಲಿ ಬೆಳೆದವನು. ಹಿಂದಕ್ಕೆ ಸರಿದೆ. "ಎಂಜಲಲ್ವಾ ಮೇಷ್ಟ್ರೇ?" ಅಂದೆ. ನೀವು ನಗಲಿಲ್ಲ. "ಬಣ್ಣದ ಮನೇಲಿ ಎಂಜಲು ಅನ್ನೋದಿಲ್ಲ ಕಣೋ. ಎಂಜಲು ಅನ್ನೋನು ಊಟದ ಮನೆಗೆ ಹೋಗ್ಲಿ. ಇದು ನನ್ನ ವಿದ್ಯೆ." ಆ ದಿನದಿಂದ ಆ ಮಾತು ನನ್ನ ಬಾಯಿಗೆ ಬಂದಿಲ್ಲ. ದೇವರ ವೇಷ ಹಾಕಿದಾಗಲೂ ಬಂದಿಲ್ಲ.

ಕ್ಯಾಂಪು ಯಾವ ಊರಿಗೆ ಹೋದರೂ ಬೆಳಗಾಗೆದ್ದು ಜೋಳಿಗೆ ಹೆಗಲಿಗೆ ಹಾಕಿ ಹೊರಡುತ್ತಿದ್ದಿರಲ್ಲ, ಅದೆಲ್ಲ ಕಣ್ಣಮುಂದಿದೆ. ನಾವು ಊರನ್ನು ಕಲೆಕ್ಷನ್ನಿನಿಂದ ಗುರುತಿಟ್ಟರೆ ನೀವು ಮಣ್ಣಿನಿಂದ ಗುರುತಿಡುತ್ತಿದ್ದಿರಿ. "ಚಿತ್ರದುರ್ಗವಾ? ಕೆಂಪು ಚೆನ್ನಾಗಿದೆ, ರಾಕ್ಷಸನ ಕೆನ್ನೆಗೆ ಆಯ್ತದೆ." ಕೆಮ್ಮಣ್ಣು, ಹಳದಿ ಮಣ್ಣು, ಕಿರೀಟ ಮಿನುಗಲು ಅಂಗೈಯಲ್ಲಿ ಉಜ್ಜಿ ಪುಡಿ ಮಾಡಿದ ಕಾಗೆಬಂಗಾರ, ಎಲ್ಲವೂ ಬೆಟ್ಟಗುಡ್ಡದ್ದು. ಒಂದು ಚೂರು ಜೇಡಿಯನ್ನು ನಾಲಿಗೆಗೆ ತಾಗಿಸಿ, ಅಂಟಿಕೊಂಡರೆ ಒಳ್ಳೆಯದು, ಜಾರಿದರೆ ದಂಡ ಅನ್ನುತ್ತಿದ್ದಿರಿ. ಬಿಳುಪು ಮಾತ್ರ ದೇವರಾಜ ಮೊಹಲ್ಲಾದ ಗ್ರಂಥಿಗೆ ಅಂಗಡಿಯಿಂದ ಬರುತ್ತಿತ್ತು, ಸಫೇದಾ. ಯಾಕೆ ಮೇಷ್ಟ್ರೇ, ಬಿಳಿ ಮಾತ್ರ ಅಂಗಡಿಯದು ಎಂದು ಕೇಳಿದ್ದೆ. ಪೊಟ್ಟಣವನ್ನು ನನ್ನ ಅಂಗೈಯಲ್ಲಿಟ್ಟಿರಿ. ಗುಂಡು ಇಟ್ಟ ಹಾಗೆ ಕೈ ಕೆಳಗಿಳಿಯಿತು. "ನೋಡ್ದಾ ತೂಕಾನ? ತೂಕ ಇರೋದೇ ಬಿಳುಪು ಕಣೋ. ಒಂದು ಬೆರಳು ಎಳೆದ್ರೆ ಮುಖದ ಕಪ್ಪೆಲ್ಲ ಮುಚ್ಚೋಯ್ತದೆ. ಹಗುರಾಗಿರೋದೆಲ್ಲ ಗೋಡೆಗೆ ಬಳಿಯಾಕೆ ಸರಿ."

ಇದೇ ಮೈಸೂರಿನ ಕ್ಯಾಂಪಿನಲ್ಲಿ ಒಮ್ಮೆ ಕಡಕೊಳದ ಕಡೆಯಿಂದ ನೀವು ಒಂದು ಬಿಳಿಗಲ್ಲು ತಂದಿರಿ. ಹೂಕೋಸಿನ ಹಾಗೆ ಉಬ್ಬುಬ್ಬಾಗಿ, ಹಾಲಿನಷ್ಟು ಬೆಳ್ಳಗೆ. ಅಂಗೈಯಲ್ಲಿ ತೂಗಿ ನೋಡಿ ಮುಖ ಸಿಂಡರಿಸಿದಿರಿ. "ಚಂದ ಐತೆ, ತೂಕ ಇಲ್ಲ." ಎಸೆಯಲಿಲ್ಲ, ಚಂದದ ಕಲ್ಲನ್ನು ನೀವು ಎಂದೂ ಎಸೆದವರಲ್ಲ. ಸಫೇದಾ ಜಾಡಿಯ ಮುಚ್ಚಳ ಹಾರದಿರಲಿ ಎಂದು ಅದರ ಮೇಲೆ ಇಟ್ಟಿರಿ. ವರ್ಷಗಟ್ಟಲೆ ಅಲ್ಲೇ ಇತ್ತು ಮೇಷ್ಟ್ರೇ ಅದು. ಬೇಕಾದ್ದು ಮೇಲೆ, ಬೇಡವಾದದ್ದು ಕೆಳಗೆ, ನಡುವೆ ಒಂದು ತಗಡಿನ ಮುಚ್ಚಳ. ನಮಗೆ ತಿಳಿಯಲೇ ಇಲ್ಲವಲ್ಲ…

ಥಿಯೇಟರಿಗೆ ಹೊಸ ಕರೆಂಟು ದೀಪ ಬಂದಾಗ ನಾನು ಮಾಡಿದ ರಂಪ ಮರೆತಿರಾ? ನಾನು ಮರೆತಿಲ್ಲ. "ಇನ್ನೂ ಬಿಳುಪು ಬೇಕು ಮೇಷ್ಟ್ರೇ! ಹಿಂದಿನ ಬೆಂಚಿನವನಿಗೆ ಹುಣ್ಣಿಮೆ ಕಂಡ ಹಾಗೆ ಕಾಣಬೇಕು!" ಎಂದು ಕನ್ನಡಿ ಮುಂದೆ ಗುಡುಗಿದೆ. ನೀವು ಹೊಟ್ಟೆ ಹಿಡಿದುಕೊಂಡು ಎದ್ದು ಬಂದಿರಿ. ಆಗಾಗಲೇ ಹೊಟ್ಟೆಯಲ್ಲಿ ಆ ನುಲಿತ ಶುರುವಾಗಿತ್ತು. ಇನ್ನೊಂದು ಪದರ ಬಳಿದಿರಿ, ಇನ್ನೊಂದು ಸಲ ಕುಂಚ ಬಾಯಿಗೆ ಹೋಯಿತು. ನನ್ನ ಹುಣ್ಣಿಮೆಗೆ ನಿಮ್ಮ ಎಷ್ಟು ದಿನಗಳು ಕರಗಿದವೋ ಯಾರು ಹೇಳಬೇಕು?

ಆಮೇಲೆ ಕೈ ಬಿತ್ತು. ಬೆರಳು ಕುಂಚ ಹಿಡಿಯುತ್ತಿತ್ತು, ಮಣಿಕಟ್ಟು ಮಾತ್ರ ಮೇಲೇಳದು, ಒಣಗಿದ ಬಾಳೆಲೆಯ ಹಾಗೆ ಜೋತು ಬೀಳುವುದು. ಎಡಗೈಯಿಂದ ಬಲಗೈಯನ್ನು ಎತ್ತಿ ಹಿಡಿದು ನಾಮ ಎಳೆಯುತ್ತಿದ್ದಿರಿ. ಕಂಪನಿಯಲ್ಲಿ ಏನೇನು ಅಂದರು! ರಾಕ್ಷಸನ ಕಣ್ಣು ಬರೆದ ದೋಷ ಅಂದವರುಂಟು, ದೇವರ ಮುಖವನ್ನು ಸ್ನಾನವಿಲ್ಲದೆ ಮುಟ್ಟಿದ ಶಾಪ ಅಂದವರುಂಟು. ಕೊನೆಯ ದಿನ ನಾನು ನಿಮ್ಮ ಕಾಲಿಗೆ ಬಿದ್ದಾಗ ಆಶೀರ್ವಾದಕ್ಕೂ ಆ ಕೈ ಏಳಲಿಲ್ಲ. ನಾನೇ ಅದನ್ನು ಎತ್ತಿ ನನ್ನ ತಲೆಯ ಮೇಲೆ ಇಟ್ಟುಕೊಂಡೆ. ನೆನಪಿದೆಯೇ? ಭಾರವೇ ಇರಲಿಲ್ಲ ಮೇಷ್ಟ್ರೇ ಅದಕ್ಕೆ.

ನೀವು ಹೋಗಿ ವರ್ಷ ತುಂಬುವ ಹೊತ್ತಿಗೆ ಕಂಪನಿ ಮತ್ತೆ ಮೈಸೂರಿಗೆ ಬಂತು. ಒಂದು ಸಂಜೆ, ಆಟಕ್ಕೆ ಇನ್ನೂ ಹೊತ್ತಿರುವಾಗ, ಇಲ್ಲಿನ ಕಾಲೇಜಿನಲ್ಲಿ ಕಲ್ಲು ಖನಿಜದ ಪಾಠ ಹೇಳುವ ಒಬ್ಬ ಮೇಷ್ಟ್ರು ನನ್ನನ್ನು ಮಾತಾಡಿಸಲು ಬಣ್ಣದ ಮನೆಗೆ ಬಂದರು. ಸಣಕಲು ಮನುಷ್ಯ, ದಪ್ಪ ಕನ್ನಡಕ. ನನ್ನ ಪಾರ್ಟು ಹೊಗಳಲು ಬಂದವರು ನನ್ನನ್ನು ಬಿಟ್ಟು ನಿಮ್ಮ ಶೆಲ್ಫಿನ ಮುಂದೆ ನಿಂತುಬಿಟ್ಟರು! ರಾಜಪಾರ್ಟಿಗೆ ಎಂಥ ಅವಮಾನ, ಯೋಚಿಸಿ. ಮುಚ್ಚಳದ ಮೇಲಿನ ಕಲ್ಲು ಎತ್ತಿ ಅಂಗೈಯಲ್ಲಿ ತೂಗಿದರು, ಥೇಟ್ ನಿಮ್ಮ ಹಾಗೆಯೇ. ಆಮೇಲೆ ಸಫೇದಾ ಪೊಟ್ಟಣ ತೂಗಿದರು. ತೂಗಿದವರು ಕೆಳಗಿಡಲಿಲ್ಲ.

"ಇಷ್ಟು ತೂಕದ ಬಿಳಿ ಅಂದ್ರೆ ಇದು ಸೀಸ ಕಣ್ರೀ. ಮುಖಕ್ಕೆ ಹಚ್ತೀರಾ?" ಅಂದರು.

"ತಲೆಮಾರಿನಿಂದ ಹಚ್ತಾ ಇದೀವಿ ಸ್ವಾಮಿ."

"ಬಣ್ಣ ಹಚ್ಚೋರು ಯಾರು? ಅವರ ಕೈ ಹೇಗಿದೆ?"

ಆ ಪ್ರಶ್ನೆಯನ್ನು ಅವರು ಯಾಕೆ ಕೇಳಬೇಕು? ಯಾರು ಹೇಳಿಕೊಟ್ಟರು? ನಾನು ನಿಮ್ಮ ಕೈ ಹೇಗೆ ಬಿತ್ತೆಂದು ಮಾಡಿ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಸೀಸ ಹೊಟ್ಟೆಗೆ ಹೋದರೆ ಮೊದಲು ಹೊಟ್ಟೆ ನುಲಿಯುತ್ತದೆ, ಒಸಡಿನ ಅಂಚು ನೀಲಿಗಟ್ಟುತ್ತದೆ, ಕಡೆಗೆ ಮಣಿಕಟ್ಟು ಬೀಳುತ್ತದೆ ಎಂದರು. ದೋಷವಲ್ಲ, ಶಾಪವಲ್ಲ ಮೇಷ್ಟ್ರೇ. ಸೀಸ. ನಿಮ್ಮ ಒಸಡು ಹೇಗಿತ್ತೋ, ಎಲೆಅಡಿಕೆಯ ಕೆಂಪಿನಲ್ಲಿ ಯಾರು ನೋಡಿದ್ದರು? ಇಷ್ಟೆಲ್ಲ ಮಾತು ನಡೆಯುವಾಗ ಮೂಲೆಯಲ್ಲಿ ಜಯಮ್ಮ ಕುಂಚವನ್ನು ತುಟಿಯಲ್ಲಿಟ್ಟುಕೊಂಡೇ ನಿಂತಿದ್ದಳು.

"ನಿಂಗೆ ಕೈ ಏನಾದ್ರೂ ಆಗ್ತದಾ ಜಯಮ್ಮ?" ಎಂದೆ. ತಲೆ ಅಲ್ಲಾಡಿಸಿದಳು, ಇಲ್ಲ ಅಂತ. ಮಾರನೆ ಬೆಳಿಗ್ಗೆ ಕಾಫಿ ಕೊಡುವಾಗ ನೋಡಿದೆ, ಲೋಟವನ್ನು ಎರಡು ಕೈಯಲ್ಲಿ ಹಿಡಿದಿದ್ದಳು. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕೈ ಮುಂದೆ ಚಾಚಿ ಬೆರಳು ಮೇಲೆತ್ತು ಅಂದರು, ದೇವರ ವೇಷದವನು ಅಭಯ ಕೊಡುವ ಹಾಗೆ. ಎತ್ತಿದಳು. ಹತ್ತು ಎಣಿಸುವಷ್ಟರಲ್ಲಿ ನಡುಗಿ ಕೆಳಗಿಳಿಯಿತು. "ಈಗಲೇ ಬಿಟ್ರೆ ಸರಿಹೋಗ್ತದೆ. ಬಿಡದಿದ್ರೆ…" ಎಂದು ಡಾಕ್ಟರು ನಿಲ್ಲಿಸಿದರು. ಬಿಡದಿದ್ದರೆ ಏನೆಂದು ನನಗೆ ಗೊತ್ತಿತ್ತಲ್ಲ.

ನಿಮ್ಮ ಮಗಳು ನಿಮ್ಮ ಮಗಳೇ. ವಾಪಸು ಬರುವ ದಾರಿಯಲ್ಲಿ ದೊಡ್ಡ ಗಡಿಯಾರದ ಹತ್ತಿರ ಬಂದಾಗ ನಿಂತು ಅಂದಳು, "ಅಣ್ಣಾ, ನಾಲಿಗೆ ತಾಗ್ದೆ ಮೊನೆ ಬರಾಕಿಲ್ಲ. ನಮ್ಮಪ್ಪ ಕೊಟ್ಟ ವಿದ್ಯೆ ತಪ್ಪು ಅಂತೀಯಾ?"

"ವಿದ್ಯೆ ಸರಿ ಕಣಮ್ಮ. ಜಾಡಿಯೊಳಗಿನ ಬಿಳುಪು ತಪ್ಪು."

"ಬಿಳುಪು ಆರಿಸಿದ್ದೂ ಅಪ್ಪನೇ."

ನೀವಿದ್ದಿದ್ದರೆ ಏನು ಹೇಳುತ್ತಿದ್ದಿರಿ?

ಹಾಸ್ಯಪಾರ್ಟಿನ ನಂಜಪ್ಪ ಒಂದು ಸುಲಭದ ದಾರಿ ತೋರಿಸಿದ. ನಮ್ಮ ಕಂಪನಿ ಯಜಮಾನರ ಮಡಿ ನಿಮಗೆ ಗೊತ್ತೇ ಇದೆ. ಬಣ್ಣದ ಮನೆಯೊಳಗೆ ಕಾಲಿಡದ ಅವರಿಗೆ ಕುಂಚ ಬಾಯಿಗೆ ಹೋಗುವುದು ಇಷ್ಟು ವರ್ಷವೂ ತಿಳಿದಿರಲಿಲ್ಲ. "ದೇವರ ಪಾರ್ಟಿನ ಮುಖಕ್ಕೆ ಎಂಜಲು ಕುಂಚ ಅಂತ ಯಜಮಾನ್ರ ಕಿವೀಲಿ ಒಂದು ಮಾತು ಊದ್ಬುಡು ಪುಟ್ಸಾಮಿ. ಸಾಯಂಕಾಲದೊಳಗೆ ಬಂದ್! ಸೀಸ ಗೀಸ ಅಂದ್ರೆ ಅವರಿಗೆ ತಲೆಗೆ ಹೋಗಲ್ಲ" ಅಂದ. ನಿಜ, ಒಂದೇ ಮಾತಿಗೆ ಕೆಲಸ ಆಗುತ್ತಿತ್ತು. ಆದರೆ ಹದಿನೈದು ವರ್ಷ ನಿಮ್ಮ ಕೈಕೆಳಗೆ ಮುಖ ಕೊಟ್ಟು ಕೂತವನು ನಾನು. ನಿಮ್ಮ ನಾಲಿಗೆಗೆ ಮೈಲಿಗೆ ಕಟ್ಟಿ ನಿಮ್ಮ ಮಗಳ ಕೈ ಉಳಿಸಲೇ? ಆಗ ಅವಳು ಕೈ ಉಳಿಸಿಕೊಂಡು ತಲೆ ತಗ್ಗಿಸಿ ಬದುಕಬೇಕಾಗುತ್ತಿತ್ತು. "ಆ ಮಾತು ಇನ್ನೊಂದು ಸಲ ಆಡಿದರೆ ಮೂರನೇ ಅಂಕದ ಗದೆ ನಿಜವಾಗಿಯೂ ನಿನ್ನ ತಲೆ ಮೇಲೆ ಬೀಳ್ತದೆ ನಂಜಪ್ಪ" ಅಂದೆ. ಅವನು ತಲೆ ಮುಟ್ಟಿ ನೋಡಿಕೊಂಡ.

ನೇರವಾಗಿ ಯಜಮಾನರ ಎದುರು ನಿಂತು ಇದ್ದದ್ದು ಇದ್ದ ಹಾಗೆ ಹೇಳಿದೆ. ಸೀಸದ ವಿಷ, ಕೆಂಪಯ್ಯ ಮೇಷ್ಟ್ರ ಕೈ, ಹುಡುಗಿಯ ಕೈ. ಅವರು ನಶ್ಯದ ಡಬ್ಬಿ ಮುಚ್ಚಿದರು. "ಬೇರೆ ಬಿಳಿ ಇದ್ರೆ ಹಚ್ಕೊಳ್ಳಯ್ಯ, ನಾನು ಬೇಡ ಅನ್ನಲ್ಲ. ಆದ್ರೆ ಕಡೇ ಬೆಂಚಿಗೆ ರಾಜನ ಮುಖ ಕಾಣ್ಬೇಕು. ಭಾನುವಾರ ಮಧ್ಯಾಹ್ನ ಹೆಂಗಸರ ಆಟ ಐತಲ್ಲ, ಆವತ್ತು ತೋರಿಸು. ಕಾಣದಿದ್ರೆ ಹಳೇ ಸಫೇದಾನೇ. ಹಚ್ಚಾಕೆ ಹುಡುಗಿ ಒಪ್ಪದಿದ್ರೆ ಬೇರೆಯವರನ್ನ ತರ್ತೀನಿ." ಬೇರೆಯವರನ್ನ! ಅಂದರೆ ಇನ್ನೊಬ್ಬನ ಕೈ!

ಮುಚ್ಚಳದ ಮೇಲಿನ ನಿಮ್ಮ ಬಿಳಿಗಲ್ಲಿನಲ್ಲಿ ವಿಷವಿಲ್ಲ, ಅದು ಮುಖಕ್ಕೆ ಆದೀತು ಅಂದರು ಕಾಲೇಜಿನ ಆ ಕಲ್ಲಿನ ಮೇಷ್ಟ್ರು. ಅದನ್ನು ತರಲು ಕಡಕೊಳಕ್ಕೆ ರೈಲಿನಲ್ಲಿ ಹೋದೆವು, ಅವರು, ಜಯಮ್ಮ, ನಾನು. ನೀವು ಜೋಳಿಗೆ ಹಾಕಿಕೊಂಡು ನಡೆದ ದಾರಿಯೇ ಇರಬೇಕು. ನೆಲ ಬಗೆದ ಹಳ್ಳದಲ್ಲಿ ಬಿಳಿಗಲ್ಲಿನ ಎಳೆಗಳು, ಕೊಬ್ಬರಿ ಒಡೆದಿಟ್ಟ ಹಾಗೆ. ಕಬ್ಬಿಣ ಕಾಯಿಸುವ ಕುಲುಮೆಗಳ ಒಳಗೋಡೆಗೆ ಇಟ್ಟಿಗೆ ಮಾಡಲು ಗಟ್ಟಿಯನ್ನೆಲ್ಲ ಸಾಗಿಸಿ, ಪುಡಿಚೂರನ್ನು ಗುಡ್ಡೆ ಹಾಕಿದ್ದರು. ಆ ಚೂರು ಕೊಡಿ ಎಂದೆವು. ಕಲ್ಲು ಒಡೆಯುವ ಮೇಸ್ತ್ರಿ ಬಿದ್ದುಬಿದ್ದು ನಕ್ಕ. "ಕುಲುಮೇಗೆ ಹೋಗೋ ಕಲ್ಲನ್ನ ಮುಖಕ್ಕೆ ಬಳ್ಕೊತೀರಾ ಬುದ್ಧೀ?" "ನನ್ನ ಮುಖವೂ ದೀಪದ ಕುಲುಮೆಯ ಮುಂದೇ ಇರೋದಪ್ಪಾ" ಅಂದೆ. ಹಾಗಾದರೆ ಒಂದು ಮಾತು ಒಗೆಯಿರಿ ಎಂದು ಕೂಲಿಯವರೆಲ್ಲ ಸುತ್ತ ನಿಂತರು. ಹಳ್ಳದ ನಡುವೆ ನಿಂತು ಯುದ್ಧದ ಸೀನಿನ ಮಾತು ಬಿಟ್ಟೆ ನೋಡಿ! ನಾಲ್ಕು ದಿಕ್ಕಿನ ಕಲ್ಲೂ ವಾಪಸು ಕೂಗಿತು. ಬೇಡ ಬೇಡ ಎಂದರೂ ಎರಡು ಚೀಲ ತುಂಬಿಕೊಟ್ಟರು.

ಕಲ್ಲಿನ ಮೇಷ್ಟ್ರು ಹೇಳಿದ್ದು ಇಷ್ಟು: ಸತುವಿನ ಬಿಳಿ ಅದೇ ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತದೆ, ಸೀಸದ ಬದಲು ಅದನ್ನು ಬಳಸಿ. ಈ ಕಲ್ಲನ್ನು ದೂಳೇಳದ ಹಾಗೆ ನೀರು ಹಾಕಿ ಅರೆದು ಸೇರಿಸಿ. ಸೇರಿಸಿದೆವು, ನೀವು ಮಾಡುತ್ತಿದ್ದ ಹಾಗೇ ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಬಳಿದೆವು. ಅಯ್ಯೋ ಮೇಷ್ಟ್ರೇ! ಎಣ್ಣೆ ಕುಡಿದ ಕಲ್ಲುಪುಡಿಯ ಬಿಳುಪೆಲ್ಲ ಇಂಗಿಹೋಯಿತು. ನಂಜಪ್ಪ ಮೂಗಿನ ಮೇಲೆ ಬೆರಳಿಟ್ಟ. "ಮಹಾರಾಜರು ಕಾಮಾಲೆ ಬಂದು ಎದ್ದವ್ರೆ. ರಾಜವೈದ್ಯರನ್ನ ಕರೀರಪ್ಪಾ!" ಭಾನುವಾರಕ್ಕೆ ಮೂರೇ ದಿನ. ಹಳೆಯ ಜಾಡಿ ಶೆಲ್ಫಿನಲ್ಲೇ ಕೂತು ನಮ್ಮನ್ನು ನೋಡುತ್ತಿತ್ತು.

ನಿಮ್ಮ ರಕ್ತ ಅವಳ ಕೈಯಲ್ಲಿದೆ ಎಂದು ಆವತ್ತು ಕಂಡೆ. ಜಯಮ್ಮ ಒಣ ಪುಡಿಯನ್ನು ಒಂದು ಚಿಟಿಕೆ ನಾಲಿಗೆಗೆ ಒಯ್ಯಲು ಹೋದಳು. ನಾನು ಗದರಿದೆ. ಅರ್ಧಕ್ಕೆ ನಿಲ್ಲಿಸಿ, ತನ್ನ ಮೊಣಕೈಯ ಬೆವರಿಗೆ ಒತ್ತಿದಳು. ಅಂಟಿತು. "ಅಣ್ಣಾ, ಇದು ಬೆವರು ಕುಡೀತದೆ. ಎಣ್ಣೇಲಿ ಮುಳುಗಿಸಿದ್ದೇ ತಪ್ಪು!" ಮುಖಕ್ಕೆ ಹಳದಿ ಮಣ್ಣಿನ ತೆಳು ಲೇಪ, ಅದರ ಮೇಲೆ ಸತುವಿನ ಬಿಳಿ ಒಂದೇ ಪದರ, ಕೊನೆಗೆ ಕಲ್ಲುಪುಡಿಯನ್ನು ಒಣಗಿದ್ದ ಹಾಗೇ ಬಟ್ಟೆಯ ಉಂಡೆಯಿಂದ ತಟ್ಟಿ ತಟ್ಟಿ ಕೂರಿಸಿದಳು. ಕನ್ನಡಿ ನೋಡಿದೆ. ಹುಣ್ಣಿಮೆಯಲ್ಲ, ಆದರೆ ಬೆಳಗು. ಇನ್ನುಳಿದದ್ದು ನಾಮದ ಗೆರೆ. ಕುಂಚ ಬಾಯಿಯ ತನಕ ಹೋಗುವುದು, ನಿಲ್ಲುವುದು, ಹೋಗುವುದು, ನಿಲ್ಲುವುದು. ಕಡೆಗೆ ನಿಮ್ಮ ಎಲೆಅಡಿಕೆ ತಟ್ಟೆಯಿಂದ ಒಂದು ಮೈಸೂರು ಚಿಗುರೆಲೆ ತೆಗೆದು ನೀರಲ್ಲಿ ಅದ್ದಿ, ಅದರ ಬೆನ್ನಿನ ಮೇಲೆ ಕುಂಚವನ್ನು ಮಲಗಿಸಿ ತಿರುವಿದಳು. ಸೂಜಿಯ ಮೊನೆ ಮೇಷ್ಟ್ರೇ! ನಾಲಿಗೆಯಷ್ಟೇ ಮೆತ್ತಗೆ, ನಾಲಿಗೆಯಷ್ಟೇ ತಂಪು.

ಆ ಭಾನುವಾರ ಮಧ್ಯಾಹ್ನದ ಆಟಕ್ಕೆ ತಗಡಿನ ಥಿಯೇಟರು ಕಾದ ಕಾವಲಿಯಾಗಿತ್ತು. ಯಜಮಾನರು ಹೋಗಿ ಕಡೇ ಬೆಂಚಿನ ಹಿಂದೆ ಕೈಕಟ್ಟಿ ನಿಂತರು. ನಾನು ಹಿಂದೆಂದೂ ಅಷ್ಟು ಹೆದರಿರಲಿಲ್ಲ. ರಾಜ ಮಗಳನ್ನು ಬೀಳ್ಕೊಡುವ ಸೀನು. ಬಲಗೈ ಎತ್ತಿ ಹರಸಬೇಕು. ಎತ್ತಿದೆ. ಎತ್ತಿದ ನನ್ನ ಕೈ ನನಗೇ ಕಂಡಿತು, ನಿಮ್ಮದು ನೆನಪಾಯಿತು, ಮುಂದಿನ ಮಾತು ಹೊರಡಲೇ ಇಲ್ಲ. ಗುಡುಗುವ ಪುಟ್ಟಸ್ವಾಮಿ ಮೂಕನಾದ! ಆಗ ಕಡೇ ಬೆಂಚಿನಿಂದ ಒಂದು ಮುದುಕಿಯ ದನಿ: "ಅಯ್ಯೋ, ರಾಜನ ಗದ್ದ ನಡುಗ್ತಾ ಐತೆ ಕಣ್ರಮ್ಮಾ…"

ಗದ್ದ ಮೇಷ್ಟ್ರೇ! ಹದಿನೈದು ವರ್ಷ ಸೀಸದ ಗಾರೆಯ ಹಿಂದೆ ನನ್ನ ಗದ್ದ ಎಷ್ಟು ಸಲ ನಡುಗಿತ್ತೋ, ಮುಂದಿನ ಸಾಲಿಗೂ ಕಂಡಿರಲಿಲ್ಲ. ಹಗುರಾದ ಬಿಳುಪು ಮುಖವನ್ನು ಮುಚ್ಚದೆ ಬಿಟ್ಟಿತ್ತು. ಆಟ ಮುಗಿದ ಮೇಲೆ ಯಜಮಾನರು, ಜನ್ಮದಲ್ಲಿ ಮೊದಲ ಸಲ, ಬಣ್ಣದ ಮನೆಯ ಹೊಸಿಲು ದಾಟಿದರು. ಹಳೆಯ ಜಾಡಿ ತೋರಿಸಿ, "ಇದನ್ನ ಇಲ್ಲಿಂದ ತೆಗೀರಿ" ಅಂದರು. ಜಾಡಿ ಕಲ್ಲಿನ ಮೇಷ್ಟ್ರ ಪಾಲಾಯಿತು. ತೂಕ ನೋಡಿ ಮೋಸ ಹೋಗಬೇಡಿ ಎಂದು ಹುಡುಗರಿಗೆ ತೋರಿಸುತ್ತಾರಂತೆ.

ತಿಂಗಳುಗಳಾದವು. ಅಡುಗೆ ಮನೆಯ ಮುಂದೆ ನಿಲ್ಲಿಸಿ ದಿನಾ ಬೆಳಿಗ್ಗೆ ಜಯಮ್ಮನ ಕೈ ಪರೀಕ್ಷೆ ಮಾಡುತ್ತೇನೆ, ಚಾಚು, ಎತ್ತು, ಎಣಿಸು. "ಸಾಕು ಬುಡಣ್ಣ, ನಾನೇನು ಡ್ರಿಲ್ಲು ಪೊಲೀಸಾ?" ಅಂತ ಬೈಯುತ್ತಾಳೆ. ಬೈಯಲಿ. ಹತ್ತಕ್ಕೆ ಇಳಿಯುತ್ತಿದ್ದ ಕೈ ಮೂವತ್ತಕ್ಕೆ ಬಂತು, ಅರವತ್ತಕ್ಕೆ ಬಂತು. ಮುಂದಿನ ವಾರ ಕ್ಯಾಂಪು ಹಾಸನಕ್ಕೆ. ಅಲ್ಲಿ ಇನ್ನೊಂದು ಕಂಪನಿ ಬೀಡುಬಿಟ್ಟಿದೆ, ಅವರ ಬಣ್ಣದವರೂ ಕುಂಚವನ್ನು ಬಾಯಲ್ಲೇ ತಿರುವುತ್ತಾರೆ. ಕಲ್ಲುಪುಡಿಯ ಒಂದು ಚೀಲ ಅವರಿಗೆಂದೇ ಕಟ್ಟಿಟ್ಟಿದ್ದೇನೆ. ಕೇಳದಿದ್ದರೆ ಕೂಗುತ್ತೇನೆ. ಈ ಗಂಟಲು ಇರುವ ತನಕ ಯಾವ ಊರಿನ ಯಾವ ಬಣ್ಣದ ಮನೆಯನ್ನೂ ಬಿಡುವುದಿಲ್ಲ. ನಿಮ್ಮ ಹೆಸರು ಹಿಡಿದೇ ಕೂಗುತ್ತೇನೆ, ಸಿಟ್ಟಾಗಬೇಡಿ. ಕೆಂಪಯ್ಯ ಮೇಷ್ಟ್ರ ವಿದ್ಯೆ ದೊಡ್ಡದು, ಅವರ ಜಾಡಿ ಕೆಟ್ಟದ್ದು, ಎರಡನ್ನೂ ಹೇಳುತ್ತೇನೆ.

ನಿಮ್ಮ ಬಿಳಿಗಲ್ಲನ್ನು ಮಾತ್ರ ಅರೆಯಲು ಬಿಡಲಿಲ್ಲ ಜಯಮ್ಮ. ಈಗ ಅದು ಕನ್ನಡಿಯ ಮುಂದಿದೆ. ದಿನದ ಮೊದಲ ಬೊಟ್ಟು, ನಿಮ್ಮ ಕೈಗೆ ಬೀಳುತ್ತಿದ್ದದ್ದು, ಆ ಕಲ್ಲಿಗೆ ಬೀಳುತ್ತದೆ. ಇವತ್ತೂ ಇಟ್ಟಳು. ಕುಂಚವನ್ನು ಚಿಗುರೆಲೆಯ ಮೇಲೆ ತಿರುವಿ ಕೈ ಚಾಚಿದಳು. ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಎಡಗೈ ಆಸರೆಗೆ ಬರಲಿಲ್ಲ. ನನ್ನ ಹಣೆಗೆ ನಾಮ ಎಳೆದು ಮುಗಿಸಿದ ಮೇಲೂ ಆ ಕೈ ಹಾಗೇ ಮೇಲಿತ್ತು ಮೇಷ್ಟ್ರೇ. ನಾನು ಅದರ ಕೆಳಗೆ ತಲೆ ಬಗ್ಗಿಸಿದೆ.